ಗಡಿಯಾಚೆ ಬಿದ್ದವಳ ಕಥೆ: ಕೊರಿಯಾದ ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’ ಧಾರಾವಾಹಿ



ಈಚೆಗೆ ಸಂಘಕ್ಕೆ ಬೇರೆ ಬೇರೆ ಊರಿನ ಸದಸ್ಯರಿಂದ ಒಂದೇ ಬಗೆಯ ಪ್ರಶ್ನೆ ಬರುತ್ತಿದೆ. ಮನೆಯ ಮಕ್ಕಳು ಫೋನ್ ಹಿಡಿದು ಕೊರಿಯಾ ದೇಶದ ಧಾರಾವಾಹಿ ನೋಡುತ್ತಾ ಕೂರುತ್ತಾರೆ, ಊಟಕ್ಕೆ ಕರೆದರೂ ಏಳುವುದಿಲ್ಲ, ಅದರಲ್ಲಿ ಅಂಥದ್ದೇನಿದೆ ಎಂದು. ಸೊಸೆಯಂದಿರೂ ನೋಡುತ್ತಿದ್ದಾರೆ. ಬಾಯಿಬಿಟ್ಟು ಹೇಳದ ಕೆಲವು ಅತ್ತೆಯಂದಿರೂ ನೋಡುತ್ತಿದ್ದಾರೆಂಬ ಖಚಿತ ಮಾಹಿತಿ ನಮ್ಮಲ್ಲಿದೆ. ಕೊರಿಯಾದ ಧಾರಾವಾಹಿಗಳೆಲ್ಲದರ ಬಗ್ಗೆ ಬರೆಯುವ ಬದಲು ಒಂದನ್ನು ಪೂರ್ತಿ ನೋಡಿ ಅದನ್ನೇ ವಿವರಿಸುವುದು ವಾಸಿ ಎನಿಸಿತು. ಆರಿಸಿಕೊಂಡದ್ದು ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯು’. ಆರಿಸಲು ಕಾರಣ ಅದರ ಜನಪ್ರಿಯತೆಯಷ್ಟೇ ಅಲ್ಲ. ಅದು ಗಡಿಯ ಕಥೆ. ಒಂದೇ ಭಾಷೆ ಆಡುವವರು ಗಡಿಯ ಎರಡು ಬದಿಯಲ್ಲಿ ಉಳಿದರೆ ಏನಾಗುತ್ತದೆ ಎಂಬ ಕಥೆ. ಕಾಸರಗೋಡಿನಿಂದ ಅಕ್ಕಲಕೋಟೆಯವರೆಗೆ, ತಾಳವಾಡಿಯಿಂದ ಆದೋನಿಯವರೆಗೆ ಹರಡಿರುವ ನಮ್ಮ ಸದಸ್ಯರಿಗೆ ಅದರಲ್ಲಿ ಗುರುತು ಸಿಗುವ ಸಂಗತಿಗಳಿವೆ.

ಮೊದಲು ವಿವರ. ಇದು ದಕ್ಷಿಣ ಕೊರಿಯಾದ ಟಿವಿಎನ್ ಎಂಬ ವಾಹಿನಿಯಲ್ಲಿ 2019ರ ಡಿಸೆಂಬರ್ 14ರಿಂದ 2020ರ ಫೆಬ್ರವರಿ 16ರವರೆಗೆ ಶನಿವಾರ ಮತ್ತು ಭಾನುವಾರ ಪ್ರಸಾರವಾಯಿತು. ಒಟ್ಟು 16 ಕಂತು. ಒಂದೊಂದೂ ಒಂದು ಗಂಟೆಗಿಂತ ಹೆಚ್ಚು. ಅದೇ ಹೊತ್ತಿಗೆ ನೆಟ್‌ಫ್ಲಿಕ್ಸ್ ಮೂಲಕ ಹೊರದೇಶಗಳಿಗೂ ಹೋಯಿತು. ಬರೆದವರು ಪಾರ್ಕ್ ಜಿ ಉನ್ ಎಂಬ ಲೇಖಕಿ, ನಿರ್ದೇಶಕರು ಲೀ ಜಂಗ್ ಹ್ಯೊ. ನಾಯಕಿ ಸನ್ ಯೆ ಜಿನ್, ನಾಯಕ ಹ್ಯುನ್ ಬಿನ್. ಕೊನೆಯ ಕಂತನ್ನು ನೋಡಿದವರ ಪ್ರಮಾಣ ಶೇ. 21.7. ಆ ವಾಹಿನಿಯಲ್ಲಿ ಅಲ್ಲಿಯವರೆಗೆ ಯಾವ ಧಾರಾವಾಹಿಗೂ ಅಷ್ಟು ಬಂದಿರಲಿಲ್ಲ. ನಾಲ್ಕು ವರ್ಷದ ನಂತರ, 2024ರಲ್ಲಿ, ಇದೇ ಲೇಖಕಿಯ ‘ಕ್ವೀನ್ ಆಫ್ ಟಿಯರ್ಸ್’ ಆ ದಾಖಲೆಯನ್ನು ಮುರಿಯಿತು.

ಹದಿನಾರು ಕಂತಿಗೆ ಮುಗಿಯುತ್ತದೆ ಎಂಬುದನ್ನು ನಮ್ಮ ಹಿರಿಯ ಸದಸ್ಯರು ಗಮನಿಸಬೇಕು. ನಮ್ಮ ಧಾರಾವಾಹಿಗಳಲ್ಲಿ ಮದುವೆಯ ಮುಹೂರ್ತ ನಿಲ್ಲಿಸುವುದಕ್ಕೇ ಹದಿನಾರು ಕಂತು ಬೇಕು. ಕೊರಿಯಾದಲ್ಲಿ ಸಂಜೆಯ ದೊಡ್ಡ ಧಾರಾವಾಹಿಗಳಿಗೆ ವಾರಕ್ಕೆ ಎರಡು ಕಂತು, ಎರಡು ತಿಂಗಳಲ್ಲಿ ಮುಕ್ತಾಯ ಎಂಬುದು ಹೆಚ್ಚುಕಡಿಮೆ ರೂಢಿ. ಒಬ್ಬರೇ ಬರೆಯುತ್ತಾರೆ, ಕಥೆಗೆ ತಲೆಬಾಲ ಇರುತ್ತದೆ. ಮಕ್ಕಳು ಅದಕ್ಕೆ ಒಲಿದಿದ್ದರೆ ಆಶ್ಚರ್ಯವಿಲ್ಲ.

ಇನ್ನು ಕಥೆ. ಯೂನ್ ಸೆರಿ ದಕ್ಷಿಣ ಕೊರಿಯಾದ ಒಬ್ಬ ದೊಡ್ಡ ಉದ್ಯಮಿಯ ಮಗಳು. ಅಪ್ಪನ ಆಸರೆಯಿಲ್ಲದೆ ತನ್ನದೇ ಕಂಪನಿ ಕಟ್ಟಿದವಳು. ಅಪ್ಪ ಅಣ್ಣಂದಿರಿಬ್ಬರನ್ನೂ ಬಿಟ್ಟು ಅವಳನ್ನೇ ಉತ್ತರಾಧಿಕಾರಿ ಎಂದು ಹೇಳಿದ ಬೆನ್ನಿಗೆ ಅವಳು ಪ್ಯಾರಾಗ್ಲೈಡಿಂಗ್ ಮಾಡಲು ಹೋಗುತ್ತಾಳೆ, ಅಂದರೆ ದೊಡ್ಡ ಬಟ್ಟೆಯ ರೆಕ್ಕೆಗೆ ತನ್ನನ್ನು ಕಟ್ಟಿಕೊಂಡು ಗಾಳಿಯಲ್ಲಿ ತೇಲುವ ಆಟಕ್ಕೆ. ಸುಂಟರಗಾಳಿ ಎತ್ತಿಕೊಂಡು ಹೋಗಿ ಗಡಿಯಾಚೆ ಒಂದು ಮರದಲ್ಲಿ ಸಿಕ್ಕಿಸುತ್ತದೆ. ಕೆಳಗೆ ಬಂದೂಕು ಹಿಡಿದು ನಿಂತವನು ಉತ್ತರ ಕೊರಿಯಾ ಸೇನೆಯ ಕ್ಯಾಪ್ಟನ್ ರಿ ಜಂಗ್ ಹ್ಯೋಕ್. ಇಳಿ ಎನ್ನುತ್ತಾನೆ, ಇಳಿಯಲಾರೆ ಎನ್ನುತ್ತಾಳೆ, ಕೊನೆಗೆ ಅವನ ಮೇಲೆಯೇ ಬೀಳುತ್ತಾಳೆ. ಅವಳು ಸತ್ತಳೆಂದೇ ಆದರೆ ಒಳ್ಳೆಯದು ಎಂದು ಇತ್ತ ಅಣ್ಣಂದಿರು ಲೆಕ್ಕ ಹಾಕುತ್ತಾರೆ. ಅತ್ತ ಅವಳು ಗಡಿಯ ಪಕ್ಕದ ಹಳ್ಳಿಯಲ್ಲಿ ಆ ಕ್ಯಾಪ್ಟನ್ನನ ಮನೆಯಲ್ಲಿ ಅಡಗಿರಬೇಕಾಗುತ್ತದೆ. ಅವನೂ ಅವನ ಕೈಕೆಳಗಿನ ನಾಲ್ವರು ಸೈನಿಕರೂ ಅವಳನ್ನು ಹೇಗಾದರೂ ವಾಪಸು ಕಳಿಸಲು ಹೆಣಗುತ್ತಾರೆ.

ಇದು ಬರೀ ಕಲ್ಪನೆಯಲ್ಲ. 2008ರಲ್ಲಿ ದಕ್ಷಿಣ ಕೊರಿಯಾದ ಒಬ್ಬ ನಟಿ ಪ್ರಯಾಣಿಸುತ್ತಿದ್ದ ದೋಣಿ ಮಂಜಿನಲ್ಲಿ ದಿಕ್ಕು ತಪ್ಪಿ ಉತ್ತರದ ಸಮುದ್ರಗಡಿಯೊಳಗೆ ಹೋಗಿ ಹೇಗೋ ಹಿಂದಿರುಗಿತ್ತು. ಲೇಖಕಿಗೆ ಕಥೆಯ ಬೀಜ ಸಿಕ್ಕಿದ್ದು ಆ ಘಟನೆಯಿಂದ.

ವಿರುದ್ಧ ಸ್ವಭಾವದ ಇಬ್ಬರನ್ನು ಒಂದೇ ಸೂರಿನಡಿ ಕೂಡಿಹಾಕುವುದು ಪಾರ್ಕ್ ಜಿ ಉನ್ ಅವರ ಹಳೆಯ ಜಾಣ್ಮೆ. ‘ಮೈ ಲವ್ ಫ್ರಮ್ ದ ಸ್ಟಾರ್’ನಲ್ಲಿ ಬೇರೆ ಗ್ರಹದಿಂದ ಬಂದವನೂ ಸಿನಿಮಾ ನಟಿಯೂ. ‘ದ ಲೆಜೆಂಡ್ ಆಫ್ ದ ಬ್ಲೂ ಸೀ’ಯಲ್ಲಿ ಮತ್ಸ್ಯಕನ್ಯೆಯೂ ವಂಚಕನೂ. ಸಾಮಾನ್ಯವಾಗಿ ಕೊರಿಯಾದ ಪ್ರೇಮಕಥೆಗಳಲ್ಲಿ ಹುಡುಗ ಸಿರಿವಂತ, ಹುಡುಗಿ ಬಡವಿ. ಹ್ಯುನ್ ಬಿನ್ ಹೆಸರು ಮಾಡಿದ್ದೂ 2005ರ ‘ಮೈ ಲವ್ಲಿ ಸಾಮ್ ಸೂನ್’ನಲ್ಲಿ ಅಂಥ ಸಿರಿವಂತ ಹೋಟೆಲಿನ ಒಡೆಯನಾಗಿ. ಇಲ್ಲಿ ಅದು ತಿರುವುಮುರುವು. ಹಣ ಅವಳದು. ಅಡುಗೆ ಮಾಡುವವನು, ಕಬ್ಬಿಣದ ಕಡಾಯಿಯಲ್ಲಿ ಕಾಫಿ ಬೀಜ ಹುರಿದು ಪುಡಿಮಾಡಿ ಕಾಫಿ ಕೊಡುವವನು, ಸ್ನಾನಕ್ಕೆ ನೀರು ಕಾಯಿಸಿ ಕೊಡುವವನು ಅವನು. ಅವಳದು ಬಾಯಿಗೆ ಬಿಡುವಿಲ್ಲದ ಮಾತು. ಅವನದು ಕೇಳಿದ್ದಕ್ಕೆ ಉತ್ತರ, ಅದೂ ಅರ್ಧ.

ಆದರೆ ನಮ್ಮ ಅಭಿಪ್ರಾಯದಲ್ಲಿ ಈ ಕಥೆಯ ವಿರೋಧ ಸ್ವಭಾವದ್ದಲ್ಲ. ಮಾತಿನ ಮಲ್ಲಿ, ಮೌನಿ ಗಂಡ, ಇಂಥ ಜೋಡಿ ನಮ್ಮ ಊರುಗಳಲ್ಲೂ ಬೇಕಾದಷ್ಟಿವೆ. ಇವರಿಬ್ಬರನ್ನು ವಿರುದ್ಧ ಮಾಡಿದ್ದು 1945ರಲ್ಲಿ ನಕ್ಷೆಯ ಮೇಲೆ ಎಳೆದ ಒಂದು ಗೆರೆ. ಅದನ್ನು ಸ್ವಲ್ಪ ವಿವರಿಸದೆ ಮುಂದೆ ಹೋಗುವಂತಿಲ್ಲ.

ಕೊರಿಯಾ ನೂರಾರು ವರ್ಷ ಒಂದೇ ರಾಜ್ಯವಾಗಿತ್ತು. 1910ರಿಂದ 1945ರವರೆಗೆ ಜಪಾನಿನ ಆಳ್ವಿಕೆ. ಎರಡನೆಯ ಮಹಾಯುದ್ಧದಲ್ಲಿ ಜಪಾನ್ ಸೋತಾಗ 38ನೇ ಅಕ್ಷಾಂಶದ ಮೇಲಿನ ಭಾಗಕ್ಕೆ ಸೋವಿಯತ್ ಸೇನೆ, ಕೆಳಗಿನ ಭಾಗಕ್ಕೆ ಅಮೆರಿಕದ ಸೇನೆ ಬಂದವು. ತಾತ್ಕಾಲಿಕ ಎಂದು ಎಳೆದ ಗೆರೆ. ತಾತ್ಕಾಲಿಕ ಎಂದು ಬರೆದ ಆದೇಶ ಎಷ್ಟು ಕಾಲ ಜಾರಿಯಲ್ಲಿರುತ್ತದೆಂಬುದು ಕಚೇರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. 1948ರಲ್ಲಿ ಎರಡು ಸರ್ಕಾರಗಳಾದವು. 1950ರ ಜೂನ್ 25ರಂದು ಯುದ್ಧ ಶುರುವಾಯಿತು. 1953ರ ಜುಲೈ 27ರಂದು ಕದನವಿರಾಮಕ್ಕೆ ಸಹಿಯಾಯಿತು. ಶಾಂತಿ ಒಪ್ಪಂದ ಇಂದಿಗೂ ಆಗಿಲ್ಲ. ನಡುವೆ ಸುಮಾರು 250 ಕಿಲೋಮೀಟರ್ ಉದ್ದ, 4 ಕಿಲೋಮೀಟರ್ ಅಗಲದ ಪಟ್ಟಿಯೊಂದಿದೆ. ಹೆಸರು ಸೇನಾರಹಿತ ವಲಯ. ಅದರ ಎರಡೂ ಅಂಚಿನಲ್ಲಿ ಇರುವಷ್ಟು ಸೇನೆ ಲೋಕದಲ್ಲಿ ಬೇರೆಡೆ ಸಿಗುವುದು ಕಷ್ಟ. ನೆಲದಲ್ಲಿ ನೆಲಬಾಂಬು. ಮೊದಲ ಕಂತಿನಲ್ಲಿಯೇ ನಾಯಕ ಒಂದರ ಮೇಲೆ ಕಾಲಿಟ್ಟು ನಿಲ್ಲುತ್ತಾನೆ, ನಾಯಕಿ ಸಿಕ್ಕಿದ್ದೇ ಸಮಯವೆಂದು ಓಡುತ್ತಾಳೆ. ನಗು ಬರುವ ದೃಶ್ಯವೇ. ಆದರೆ ಬಾಂಬು ನಿಜ.

ಇಲ್ಲಿ ನಮ್ಮ ಕಡೆಯ ಒಂದು ನಂಟನ್ನು ನೆನೆಯಬೇಕು. ಯುದ್ಧ ನಿಂತಾಗ ಎರಡೂ ಬದಿಯ ಕೈದಿಗಳಲ್ಲಿ ಸಾವಿರಾರು ಮಂದಿ ತಮ್ಮ ದೇಶಕ್ಕೆ ಹಿಂದಿರುಗಲು ಒಪ್ಪಲಿಲ್ಲ. ಅವರನ್ನು ಏನು ಮಾಡಬೇಕೆಂಬ ಪ್ರಶ್ನೆ ನೋಡಿಕೊಳ್ಳಲು ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚನೆಯಾಯಿತು. ಅಧ್ಯಕ್ಷ ಸ್ಥಾನ ಭಾರತದ್ದು. ಆ ಕುರ್ಚಿಯಲ್ಲಿ ಕುಳಿತವರು ಮಡಿಕೇರಿಯಲ್ಲಿ ಹುಟ್ಟಿದ ನಮ್ಮ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಭಾರತದ ಸೈನಿಕರು ಆ ಸೇನಾರಹಿತ ವಲಯದಲ್ಲೇ ಶಿಬಿರ ಹಾಕಿ ಕೈದಿಗಳನ್ನು ಕಾಯ್ದರು. ಕೊನೆಗೆ ಉತ್ತರವೂ ಬೇಡ, ದಕ್ಷಿಣವೂ ಬೇಡ ಎಂದ ಕೆಲವು ಕೈದಿಗಳು 1954ರಲ್ಲಿ ಭಾರತದ ಪಡೆಯ ಜೊತೆಗೇ ಹಡಗು ಹತ್ತಿ ಇಲ್ಲಿಗೆ ಬಂದರು. ಅವರಲ್ಲಿ ಹೆಚ್ಚಿನವರು ಮುಂದೆ ದಕ್ಷಿಣ ಅಮೆರಿಕದ ದೇಶಗಳಿಗೆ ಹೋದರು. ವಯನಾಡು, ಕಾಸರಗೋಡಿನ ಸದಸ್ಯರು ಮಡಿಕೇರಿಗೆ ಹೋದಾಗ ತಿಮ್ಮಯ್ಯನವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯವಾಗಿರುವುದನ್ನು ನೋಡಬಹುದು.

ಈಗ ಭಾಷೆಗೆ ಬರೋಣ. ಧಾರಾವಾಹಿಯ ಅರ್ಧ ಹಾಸ್ಯ ಇರುವುದು ಇಲ್ಲಿ. ಆದರೆ ಕೆಳಗೆ ಓಡುವ ಇಂಗ್ಲಿಷ್ ಅಕ್ಷರಗಳನ್ನು ಓದಿ ನೋಡುವವರಿಗೆ ಇದೇ ತಪ್ಪಿಹೋಗುತ್ತದೆ. ಸೆರಿಗೆ ಹಳ್ಳಿಯವರ ಮಾತು ಅರ್ಥವಾಗುತ್ತದೆ. ಅವರಿಗೆ ಅವಳ ಮಾತು ಅರ್ಥವಾಗುತ್ತದೆ. ಆದರೂ ಬಾಯಿಬಿಟ್ಟ ಕೂಡಲೇ ಇವಳು ಇಲ್ಲಿಯವಳಲ್ಲ ಎಂದು ಗೊತ್ತಾಗುತ್ತದೆ. ತಪಾಸಣೆಗೆ ಬಂದ ಅಧಿಕಾರಿಯ ಮುಂದೆ ಕ್ಯಾಪ್ಟನ್ ಇವಳು ನಾನು ಮದುವೆಯಾಗುವವಳು ಎಂದು ಸುಳ್ಳು ಹೇಳಬೇಕಾಗುತ್ತದೆ. ಹಾಗಾದರೆ ಮಾತೇಕೆ ದಕ್ಷಿಣದ್ದು? ಅದಕ್ಕೆ ಇನ್ನೊಂದು ಸುಳ್ಳು: ಗುಪ್ತ ಕೆಲಸದ ಮೇಲೆ ದಕ್ಷಿಣದಲ್ಲಿ ಬಹಳ ಕಾಲ ಇದ್ದು ಬಂದವಳು, ನಾಲಿಗೆ ಇನ್ನೂ ತಿರುಗಿಲ್ಲ.

ನಾಯಕನ ಹೆಸರನ್ನೇ ನೋಡಿ. ಉತ್ತರದಲ್ಲಿ ‘ರಿ’. ಇದೇ ಮನೆತನದ ಹೆಸರು ದಕ್ಷಿಣದಲ್ಲಿ ‘ಇ’, ನಾವು ಇಂಗ್ಲಿಷಿನ ಮೂಲಕ ‘ಲೀ’ ಎಂದು ಕೇಳುವುದು. ದಕ್ಷಿಣದವರು ಪದದ ಮೊದಲಿಗೆ ಬರುವ ಇಂಥ ರಕಾರವನ್ನೂ ನಕಾರವನ್ನೂ ಬಿಟ್ಟುಬಿಡುತ್ತಾರೆ, ಉತ್ತರದವರು ಉಳಿಸಿಕೊಂಡಿದ್ದಾರೆ. ಹೆಂಗಸು ಎನ್ನಲು ಅಲ್ಲಿ ‘ನ್ಯೊಜಾ’, ಇಲ್ಲಿ ‘ಯೊಜಾ’.

ಉತ್ತರದಲ್ಲಿ ‘ಇಲ್ ಒಪ್ತಾ’ ಎಂದರೆ ಪರವಾಗಿಲ್ಲ, ತೊಂದರೆ ಏನಿಲ್ಲ ಎಂದರ್ಥ. ಪದಶಃ ‘ಕೆಲಸ ಇಲ್ಲ’. ಅದೇ ಮಾತು ದಕ್ಷಿಣದವರ ಕಿವಿಗೆ ‘ನನಗೇನೂ ಬೇಕಿಲ್ಲ, ಹೋಗು’ ಎಂಬಂತೆ ಬೀಳುತ್ತದೆ. ನಮ್ಮಲ್ಲಿ ಧಾರವಾಡದ ಕಡೆಯವರು ಊಟ ಚೆನ್ನಾಗಿದೆಯೇ ಎಂದರೆ ‘ಅಡ್ಡಿಯಿಲ್ಲ’ ಎನ್ನುತ್ತಾರಲ್ಲ, ಹಾಗೆ. ಅದು ಮೆಚ್ಚುಗೆಯೆಂದು ಗೊತ್ತಿಲ್ಲದ ಮೈಸೂರಿನ ಬೀಗರು ಮುಖ ಸಣ್ಣದು ಮಾಡಿಕೊಳ್ಳುತ್ತಾರೆ.

‘ದೊಂಗ್‌ಮು’ ಎಂಬ ಪದದ ಗತಿ ಇನ್ನೂ ವಿಚಿತ್ರ. ಅದು ಗೆಳೆಯ ಎಂಬುದಕ್ಕೆ ಹಳೆಯ ಪದ. ಉತ್ತರದ ಸರ್ಕಾರ ಅದನ್ನು ‘ಕಾಮ್ರೇಡ್’ ಎಂಬರ್ಥಕ್ಕೆ ಎತ್ತಿಕೊಂಡಿತು. ಆಮೇಲೆ ದಕ್ಷಿಣದಲ್ಲಿ ಆ ಪದ ಬಾಯಲ್ಲಿ ಬಂದರೆ ಸಂಶಯ. ಹೀಗಾಗಿ ಅಲ್ಲಿ ಮಕ್ಕಳೂ ‘ಛಿಂಗು’ ಎಂದೇ ಹೇಳತೊಡಗಿದರು. ಒಳ್ಳೆಯ ಒಂದು ಪದ ಯಾವ ತಪ್ಪೂ ಮಾಡದೆ ಊರುಬಿಟ್ಟಿತು.

ದಕ್ಷಿಣ ಇಂಗ್ಲಿಷ್ ಪದಗಳನ್ನು ಧಾರಾಳವಾಗಿ ಸೇರಿಸಿಕೊಂಡಿತು. ಉತ್ತರ ತನ್ನದೇ ಪದಗಳನ್ನು ಕಟ್ಟಿತು. ಮೈ ಇಳಿಸುವುದಕ್ಕೆ ದಕ್ಷಿಣದವರು ‘ಡಯಟ್’ ಎಂದರೆ ಉತ್ತರದವರು ‘ಸಾಲ್‌ಕ್ಕಾಗಿ’ ಎನ್ನುತ್ತಾರೆ, ಅಂದರೆ ‘ಮಾಂಸ ಕೆತ್ತುವುದು’. ಡೋನಟ್ ಎಂಬ ತಿಂಡಿ ಅಲ್ಲಿ ‘ಉಂಗುರ ಬ್ರೆಡ್ಡು’. ಇಂಥ ಪದಗಳು ಜಾಣತನದ್ದೋ ಹಟದ್ದೋ ಎಂಬ ಚರ್ಚೆ ನಮ್ಮ ಕನ್ನಡದಲ್ಲೂ ಹಳೆಯದು, ಇಲ್ಲಿ ಅದನ್ನು ಎಳೆಯುವುದಿಲ್ಲ.

ಲಿಪಿ ಒಂದೇ. 15ನೇ ಶತಮಾನದಲ್ಲಿ ಸೆಜಾಂಗ್ ಎಂಬ ರಾಜ ಮಾಡಿಸಿ 1446ರಲ್ಲಿ ಪ್ರಕಟಿಸಿದ ಲಿಪಿ ಅದು. ಆದರೆ ದಕ್ಷಿಣದಲ್ಲಿ ಅದರ ಹೆಸರು ‘ಹಾಂಗುಲ್’, ಉತ್ತರದಲ್ಲಿ ‘ಚೊಸೊನ್‌ಗುಲ್’. ದಕ್ಷಿಣ ಲಿಪಿಯ ದಿನವನ್ನು ಅಕ್ಟೋಬರ್ 9ರಂದು ಆಚರಿಸಿದರೆ ಉತ್ತರ ಜನವರಿ 15ರಂದು. ನಿಘಂಟಿನಲ್ಲಿ ಅಕ್ಷರಗಳ ಅನುಕ್ರಮವೂ ಬೇರೆ. 2005ರಲ್ಲಿ ಎರಡೂ ಕಡೆಯ ವಿದ್ವಾಂಸರು ಕೂಡಿ ಒಂದೇ ದೊಡ್ಡ ನಿಘಂಟು ಮಾಡಲು ಕುಳಿತರು. ರಾಜಕೀಯ ಸಂಬಂಧ ಹದಗೆಟ್ಟಾಗಲೆಲ್ಲ ಸಭೆ ನಿಲ್ಲುತ್ತಿತ್ತು. ಆ ಕೆಲಸ ಹಾಗೆಯೇ ನಡುವೆ ನಿಂತಿದೆ.

2023ರಲ್ಲಿ ಉತ್ತರ ಕೊರಿಯಾ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಭಾಷೆಗೆಂದೇ ಒಂದು ಕಾನೂನು ಮಾಡಿತು. ದಕ್ಷಿಣದ ಶೈಲಿಯಲ್ಲಿ ಮಾತಾಡುವುದು, ಬರೆಯುವುದು ಈಗ ಅಲ್ಲಿ ಅಪರಾಧ. ಹುಡುಗಿಯೊಬ್ಬಳು ರಕ್ತಸಂಬಂಧವಿಲ್ಲದ ಹುಡುಗನನ್ನು ‘ಒಪ್ಪಾ’ ಎಂದು ಕರೆಯುವುದೂ ಅದರಲ್ಲಿ ಸೇರಿದೆ. ಅದಕ್ಕೂ ಮೊದಲು, 2020ರ ಡಿಸೆಂಬರ್‌ನಲ್ಲಿ, ದಕ್ಷಿಣದ ಸಿನಿಮಾ ಧಾರಾವಾಹಿ ನೋಡುವವರಿಗೂ ಹಂಚುವವರಿಗೂ ಕಠಿಣ ಶಿಕ್ಷೆ ವಿಧಿಸುವ ಕಾನೂನು ಬಂದಿತ್ತು. ಹಂಚಿದವರಿಗೆ ಮರಣದಂಡನೆಯವರೆಗೂ ಅವಕಾಶವಿದೆ. ಅಂದರೆ ನಮ್ಮ ಮೊಮ್ಮಕ್ಕಳು ಚಾದರದೊಳಗೆ ಫೋನ್ ಹಿಡಿದು ನೋಡುವ ಈ ಧಾರಾವಾಹಿಯನ್ನು, ಅದರ ಅರ್ಧ ಕಥೆ ನಡೆಯುವ ದೇಶದಲ್ಲಿ ನೋಡಿದರೆ ಜೈಲು.

‘ಒಪ್ಪಾ’ ಎಂದೆವಲ್ಲ, ಮನೆಯ ಮಕ್ಕಳ ಬಾಯಲ್ಲಿ ಇದು ನಿಮಗೂ ಕೇಳಿಸಿರುತ್ತದೆ. ಹುಡುಗಿ ತನ್ನ ಅಣ್ಣನನ್ನು ಕರೆಯುವುದು ಹೀಗೆ. ಹುಡುಗನಾದರೆ ಅಣ್ಣನಿಗೆ ‘ಹ್ಯೊಂಗ್’ ಎನ್ನಬೇಕು. ಅಕ್ಕನಿಗೆ ಹುಡುಗಿಯಾದರೆ ‘ಒನ್ನಿ’, ಹುಡುಗನಾದರೆ ‘ನೂನಾ’. ದಕ್ಷಿಣದಲ್ಲಿ ಪ್ರೀತಿಸಿದವನಿಗೂ ‘ಒಪ್ಪಾ’ ಎನ್ನುತ್ತಾರೆ. ನಮ್ಮಲ್ಲಿ ಹುಡುಗಿ ಒಮ್ಮೆ ‘ಅಣ್ಣಾ’ ಎಂದಳೆಂದರೆ ಆ ಅಧ್ಯಾಯ ಮುಗಿದ ಹಾಗೆ. ಹಾಗಾಗಿ ಗಾಬರಿ ಬೇಡ.

ಅಪ್ಪನಿಗೆ ಕೊರಿಯಾದವರು ‘ಅಪ್ಪಾ’ ಎನ್ನುತ್ತಾರೆ, ಅಮ್ಮನಿಗೆ ‘ಒಮ್ಮಾ’. ನಾನು ಎಂಬುದಕ್ಕೆ ‘ನಾ’. ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಪದದ ಬೆನ್ನಿಗೆ ಪ್ರತ್ಯಯ ಅಂಟುತ್ತದೆ, ಹಿರಿಯರಿಗೆ ಬೇರೆ ಕ್ರಿಯಾರೂಪ, ಕಿರಿಯರಿಗೆ ಬೇರೆ. ಇದನ್ನು ಕೇಳಿ ಕೊರಿಯನ್ ನಮ್ಮ ದ್ರಾವಿಡ ಭಾಷೆಯೇ ಎಂಬ ಸಂದೇಶಗಳು ವಾಟ್ಸಾಪಿನಲ್ಲಿ ಓಡಾಡುತ್ತಿವೆ. ಈ ಊಹೆ ಹೊಸದಲ್ಲ. ಹೋಮರ್ ಹಲ್ಬರ್ಟ್ ಎಂಬ ಅಮೆರಿಕದ ಪಾದ್ರಿ 1905ರಲ್ಲೇ ಕೊರಿಯನ್ ಮತ್ತು ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಪುಸ್ತಕ ಬರೆದಿದ್ದರು. ಇಂದಿನ ಭಾಷಾವಿಜ್ಞಾನಿಗಳು ಇದನ್ನು ಒಪ್ಪುವುದಿಲ್ಲ. ಅಪ್ಪ, ಅಮ್ಮ ಎಂಬಂಥ ಶಬ್ದಗಳು ಕೂಸಿನ ಬಾಯಿಗೆ ಮೊದಲು ಬರುವ ಸದ್ದುಗಳು, ಜಗತ್ತಿನ ಎಷ್ಟೋ ಭಾಷೆಗಳಲ್ಲಿವೆ. ವಾಕ್ಯದ ರಚನೆ ಹೋಲುವುದು ಜಪಾನಿ, ತುರ್ಕಿ ಭಾಷೆಗಳಿಗೂ ಇದೆ. ಹೋಲಿಕೆಯನ್ನು ಸವಿಯಲು ಅಡ್ಡಿಯಿಲ್ಲ, ನೆಂಟಸ್ತನ ಮಾತ್ರ ಬೆಳೆಸಬೇಡಿ.

ಇಷ್ಟೆಲ್ಲ ಭಾರದ ಸಂಗತಿಯನ್ನು ಹಾಸ್ಯದ ಧಾರಾವಾಹಿ ಹೇಗೆ ಹೊರುತ್ತದೆ ಎಂದರೆ, ಸಣ್ಣ ಸಣ್ಣ ವಿವರಗಳಿಂದ. ಉತ್ತರದಿಂದ ತಪ್ಪಿಸಿಕೊಂಡು ಬಂದವರು ದಕ್ಷಿಣದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಮಂದಿ ಇದ್ದಾರೆ. ಅಂಥವರನ್ನು ಕೇಳಿ ತಿಳಿದು ಲೇಖಕಿ ಹಳ್ಳಿಯನ್ನು ಕಟ್ಟಿದ್ದಾರೆ, ಬರಹದ ತಂಡದಲ್ಲೇ ಉತ್ತರದ ಒಬ್ಬರಿದ್ದರು. ಸಂತೆಯಲ್ಲಿ ದಕ್ಷಿಣದ ಶಾಂಪೂ, ಸೋಪು ಮೇಲೆ ಇಟ್ಟಿರುವುದಿಲ್ಲ. ಗುರುತಿನವರು ಮೆಲ್ಲಗೆ ಕೇಳಿದರೆ ‘ಕೆಳಗಿನ ಊರಿನದು’ ಎಂದು ಅಡಿಯಿಂದ ತೆಗೆದುಕೊಡುತ್ತಾರೆ. ದಕ್ಷಿಣ ಎನ್ನುವಂತಿಲ್ಲ, ಕೆಳಗಿನ ಊರು ಎನ್ನಬಹುದು. ಕರೆಂಟು ಹೋಗಿ ರೈಲು ಬಯಲಿನಲ್ಲಿ ನಿಂತರೆ ಯಾರೂ ರೇಗುವುದಿಲ್ಲ, ಇಳಿದು ಬೆಂಕಿ ಹಾಕಿಕೊಂಡು ರಾತ್ರಿ ಕಳೆಯುತ್ತಾರೆ. ಸೆರಿ ಸುವಾಸನೆಯ ಮೇಣದಬತ್ತಿ ಕೇಳಿದರೆ ಕ್ಯಾಪ್ಟನ್ ಮೊದಲು ಬರಿಯ ಮೇಣದಬತ್ತಿ ತರುತ್ತಾನೆ. ಮುಂದೊಮ್ಮೆ ಅವಳು ಸಂತೆಯಲ್ಲಿ ದಾರಿ ತಪ್ಪಿ ಕತ್ತಲಲ್ಲಿ ನಿಂತಾಗ, ಜನರ ತಲೆಗಳ ಮೇಲೆ ಬತ್ತಿ ಎತ್ತಿ ಹಿಡಿದು ಬಂದು, ಈ ಸಲ ಸುವಾಸನೆಯದೇ ಸರಿ ತಾನೆ ಎಂದು ಕೇಳುತ್ತಾನೆ. ಪ್ರೇಮದ ದೃಶ್ಯ ಎಂದರೆ ಅಷ್ಟೆ. ಮನೆಮಂದಿಯೆಲ್ಲ ಕೂತು ನೋಡಬಹುದು.

ಹಳ್ಳಿಯ ಹೆಂಗಸರು ಕೂಡಿ ಚಳಿಗಾಲಕ್ಕೆ ಕಿಮ್ಚಿ ಹಾಕುವ ಸಂದರ್ಭವೂ ಇದೆ. ಕಿಮ್ಚಿ ಎಂದರೆ ಎಲೆಕೋಸು, ಮೂಲಂಗಿಗೆ ಉಪ್ಪು ಖಾರ ಹಚ್ಚಿ ಹುಳಿಬರಿಸುವ ಅವರ ಉಪ್ಪಿನಕಾಯಿ. ಕೇರಿಯವರೆಲ್ಲ ಸೇರಿ ಇದನ್ನು ಮಾಡಿ ಹಂಚಿಕೊಳ್ಳುವ ಪದ್ಧತಿಯನ್ನು ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ 2013ರಲ್ಲಿ ದಕ್ಷಿಣ ಕೊರಿಯಾದ ಹೆಸರಿನಲ್ಲಿ ಸೇರಿಸಿತು. 2015ರಲ್ಲಿ ಉತ್ತರ ಕೊರಿಯಾದ ಹೆಸರಿನಲ್ಲಿ ಮತ್ತೊಮ್ಮೆ ಸೇರಿಸಿತು. ಒಂದೇ ಉಪ್ಪಿನಕಾಯಿ, ಎರಡು ಕಡತ. 2018ರಲ್ಲಿ ಮಾತ್ರ ಅವರ ಸಾಂಪ್ರದಾಯಿಕ ಕುಸ್ತಿಯನ್ನು ಎರಡೂ ದೇಶಗಳ ಹೆಸರಿನಲ್ಲಿ ಜಂಟಿಯಾಗಿ ಬರೆದುಕೊಂಡರು.

ನಮಗೆ ಬಹಳ ಹಿಡಿಸಿದ ಪಾತ್ರ ನಾಯಕನದಲ್ಲ, ಜಂಗ್ ಮಾನ್ ಬೊಕ್‌ನದು. ಅವನ ಕೆಲಸ ಕತ್ತಲ ಕೋಣೆಯಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಊರವರ ಮನೆಗಳ ಮಾತನ್ನು ಕದ್ದು ಕೇಳಿ ಬರೆದಿಡುವುದು. ಊರಿನವರು ಅವನಿಗೆ ‘ಕಿವಿ’ ಎಂದೇ ಹೆಸರಿಟ್ಟಿದ್ದಾರೆ, ಶಾಲೆಯಲ್ಲಿ ಅವನ ಮಗನನ್ನು ಕಿವಿಯ ಮಗ ಎಂದು ಹೊಡೆಯುತ್ತಾರೆ. ತನಗೆ ಒಳ್ಳೆಯದು ಮಾಡಿದ್ದ ಒಬ್ಬನ ಸಾವಿಗೆ ಹಿಂದೊಮ್ಮೆ ಅವನೇ ಕಾರಣನಾಗಬೇಕಾಗಿ ಬಂದಿರುತ್ತದೆ. ಮೇಲಿನವರು ಹೇಳಿದ್ದನ್ನು ಬರೆದುಕೊಟ್ಟವನು. ಬದುಕೆಲ್ಲ ಮೇಲಿನವರು ಹೇಳಿದ ಟಿಪ್ಪಣಿ ಬರೆದವರಿಗೆ ಈ ಪಾತ್ರ ನೋಡುವಾಗ ಕುರ್ಚಿಯಲ್ಲಿ ನೆಟ್ಟಗೆ ಕೂರಲಾಗುವುದಿಲ್ಲ. ಕೇಳಿ ಕೇಳಿ ಅವನಿಗೆ ಆ ಮನೆಯವರ ಮೇಲೇ ಅಕ್ಕರೆ ಹುಟ್ಟುತ್ತದೆ. ಕಿಮ್ ಯಂಗ್ ಮಿನ್ ಎಂಬ ನಟ ಬಹಳ ಸಣ್ಣ ದನಿಯಲ್ಲಿ ಇದನ್ನು ಮಾಡಿದ್ದಾರೆ.

ಇನ್ನೊಬ್ಬ ಸೈನಿಕ ಕಿಮ್ ಜು ಮೊಕ್ ದಕ್ಷಿಣದ ಧಾರಾವಾಹಿಗಳನ್ನು ಕದ್ದು ನೋಡಿ ನೋಡಿ ಆ ಮಾತಿನ ದುಭಾಷಿಯೇ ಆಗಿದ್ದಾನೆ. ಸೆರಿ ಹೇಳಿದ್ದನ್ನು ಉಳಿದವರಿಗೆ ಅವನೇ ಬಿಡಿಸಿ ಹೇಳಬೇಕು. ಕೊರಿಯನ್‌ನಿಂದ ಕೊರಿಯನ್‌ಗೆ! 2003ರ ‘ಸ್ಟೇರ್‌ವೇ ಟು ಹೆವನ್’ ನಾಯಕಿ ಚೊಯ್ ಜಿ ಊ ಎಂದರೆ ಅವನಿಗೆ ಪ್ರಾಣ. ಮುಂದೆ ಕಥೆ ದಕ್ಷಿಣಕ್ಕೆ ಬಂದಾಗ ಆ ನಟಿಯೇ ಬಂದು ಅವನ ಎದುರು ಕೂರುತ್ತಾರೆ.

ಹತ್ತನೇ ಕಂತಿನ ಸುಮಾರಿಗೆ ಎಲ್ಲ ತಲೆಕೆಳಗಾಗುತ್ತದೆ. ಸೆರಿ ವಾಪಸಾಗುತ್ತಾಳೆ. ಅವಳನ್ನು ಕೊಲ್ಲಲು ಬಂದ ದುಷ್ಟ ಅಧಿಕಾರಿಯ ಹಿಂದೆ ಕ್ಯಾಪ್ಟನ್ ಸುರಂಗದ ಮೂಲಕ ಸೋಲ್ ನಗರಕ್ಕೆ ಬರುತ್ತಾನೆ, ಅವನನ್ನು ಕರೆದೊಯ್ಯಲು ಅವನ ಸೈನಿಕರೂ ಬರುತ್ತಾರೆ. ಈಗ ಹೊರಗಿನವರು ಅವರು. ಇದರಲ್ಲಿ ನಗು ಇದೆ, ಆದರೆ ಹಿಡಿತ ಸಡಿಲ. ಹುರಿದ ಕೋಳಿಯ ಅಂಗಡಿಯ ಜಾಹೀರಾತು ಕಥೆಯೊಳಗೇ ಪದೇ ಪದೇ ನುಗ್ಗುತ್ತದೆ. ಇಬ್ಬರೂ ಹಿಂದೆಯೇ ಸ್ವಿಟ್ಜರ್ಲೆಂಡಿನಲ್ಲಿ ತಿಳಿಯದೆ ಭೇಟಿಯಾಗಿದ್ದರು ಎಂಬ ಕಾಕತಾಳೀಯವನ್ನು ಒಂದು ಸಲ ನಂಬಬಹುದು, ಇಲ್ಲಿ ನಾಲ್ಕಾರು ಸಲ ನಂಬಿಸುತ್ತಾರೆ. ಕೊನೆಯ ಕಂತುಗಳಲ್ಲಿ ಎಷ್ಟು ಸಲ ಆಸ್ಪತ್ರೆ, ಎಷ್ಟು ಕಣ್ಣೀರು!

ಇದಕ್ಕಿಂತ ಗಂಭೀರವಾದ ಆಕ್ಷೇಪವೂ ಬಂತು. 2020ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಒಂದು ಸಣ್ಣ ಪಕ್ಷ, ಈ ಧಾರಾವಾಹಿ ಶತ್ರುದೇಶವನ್ನು ಹೊಗಳುತ್ತಿದೆ ಎಂದು ಪೊಲೀಸರಿಗೆ ದೂರು ಕೊಟ್ಟಿತು. ಅಲ್ಲಿ 1948ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಭದ್ರತಾ ಕಾನೂನಿನಲ್ಲಿ ಉತ್ತರವನ್ನು ಹೊಗಳುವುದು ಅಪರಾಧ. ದೂರಿನಿಂದ ಏನೂ ಆಗಲಿಲ್ಲ. ಆದರೆ ಆಕ್ಷೇಪದಲ್ಲಿ ಸ್ವಲ್ಪ ಹುರುಳಿದೆ. ಉತ್ತರದ ಹಳ್ಳಿ ಇಲ್ಲಿ ನಮ್ಮ ಬಾಲ್ಯದ ಹಳ್ಳಿಯ ಹಾಗೆ ಬೆಚ್ಚಗಿದೆ. ಅಲ್ಲಿನ ಶ್ರಮಶಿಬಿರಗಳು, ಹಸಿವು ದೂರದಲ್ಲಿ ಮಸುಕಾಗಿ ಕಾಣುತ್ತವೆ. ಹೀಗೆಂದು ತಿಳಿದೇ ನೋಡಬೇಕು. ಹಾಗಿದ್ದರೂ, ಎಪ್ಪತ್ತು ವರ್ಷ ಉತ್ತರದವರೆಂದರೆ ಗೂಢಚಾರರು ಅಥವಾ ಭಿಕಾರಿಗಳು ಎಂದೇ ನೋಡಿದ ಪ್ರೇಕ್ಷಕರಿಗೆ, ಅವರೂ ಅತ್ತೆ ಸೊಸೆ ಜಗಳ ಆಡುತ್ತಾರೆ, ಮಗನ ಓದಿಗೆ ಚಿಂತೆ ಮಾಡುತ್ತಾರೆ ಎಂದು ತೋರಿಸಿದ್ದು ಸಣ್ಣ ಕೆಲಸವಲ್ಲ.

ಕೊನೆ ಏನೆಂದು ಮೊದಲೇ ತಿಳಿಯಬಾರದು ಎನ್ನುವವರು ಮುಂದಿನ ಎರಡು ಪ್ಯಾರಾ ಬಿಟ್ಟು ಓದಬಹುದು.

ಇಂಥ ಕಥೆಯಲ್ಲಿ ಕೊನೆಗೆ ಪ್ರೀತಿ ಗೆಲ್ಲುತ್ತದೆ, ಅಡ್ಡಗೋಡೆ ಬೀಳುತ್ತದೆ. ಇಲ್ಲಿ ಗೋಡೆ ಬೀಳುವುದಿಲ್ಲ. ಸಿಕ್ಕಿಬಿದ್ದ ಕ್ಯಾಪ್ಟನ್ನನನ್ನೂ ಅವನ ಸಂಗಡಿಗರನ್ನೂ ದಕ್ಷಿಣದವರು ಉತ್ತರಕ್ಕೆ ಒಪ್ಪಿಸುತ್ತಾರೆ. ಪ್ರಭುತ್ವಗಳು ಬದಲಾಗುವುದಿಲ್ಲ, ಯಾರೂ ಓಡಿಹೋಗುವುದಿಲ್ಲ. ಇಬ್ಬರೂ ಭೇಟಿಯಾಗುವುದು ಎರಡೂ ದೇಶದ್ದಲ್ಲದ ಮೂರನೆಯ ನೆಲದಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ವರ್ಷಕ್ಕೆ ಎರಡು ವಾರ. ಅಷ್ಟೇ.

ಇದು ಸಿಹಿಯಾದ ಮುಕ್ತಾಯ ಎಂದು ಕೆಲವರು ಹೇಳುತ್ತಾರೆ. ನಮಗೆ ಹಾಗನಿಸಲಿಲ್ಲ. ಯುದ್ಧದಲ್ಲಿ ಬೇರ್ಪಟ್ಟ ಬಂಧುಗಳನ್ನು ಹುಡುಕಿಕೊಡಿ ಎಂದು ದಕ್ಷಿಣ ಕೊರಿಯಾ ಸರ್ಕಾರದಲ್ಲಿ ಹೆಸರು ಬರೆಸಿದವರು ಒಂದು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು. ಅವರಲ್ಲಿ ಬಹುಪಾಲು ಈಗ ಬದುಕಿಲ್ಲ. 2000ದಿಂದ 21 ಸುತ್ತಿನ ಭೇಟಿಗಳನ್ನು ಎರಡೂ ಸರ್ಕಾರಗಳು ಏರ್ಪಡಿಸಿದವು. ಚೀಟಿ ಎತ್ತಿ ಆರಿಸಿದ ಕೆಲವರಿಗೆ ಕೆಲವು ದಿನ, ಕಾವಲಿನಲ್ಲಿ, ಕೆಲವೇ ಗಂಟೆಗಳ ಮಾತು. ಕೊನೆಯ ಸುತ್ತು 2018ರ ಆಗಸ್ಟ್‌ನಲ್ಲಿ ನಡೆಯಿತು. ತೊಂಬತ್ತು ವರ್ಷದ ತಾಯಿ ಎಪ್ಪತ್ತು ದಾಟಿದ ಮಗನ ಮುಖ ಸವರುವ ಚಿತ್ರಗಳನ್ನು ಆಗ ಪತ್ರಿಕೆಗಳಲ್ಲಿ ನೀವೂ ನೋಡಿರುತ್ತೀರಿ. ಆ ದೇಶದ ಪ್ರೇಕ್ಷಕರಿಗೆ ವರ್ಷಕ್ಕೆ ಎರಡು ವಾರ ಎಂಬುದು ಕಡಿಮೆಯಲ್ಲ, ಕಥೆಯಲ್ಲಿ ಮಾತ್ರ ಸಿಗುವಷ್ಟು ಹೆಚ್ಚು.

ನಮ್ಮ ಗಡಿಯನ್ನು ಇದಕ್ಕೆ ಹೋಲಿಸುವುದು ತಪ್ಪಾಗುತ್ತದೆ. 1956ರ ನವೆಂಬರ್ 1ರ ಗೆರೆಯನ್ನು ನಾವು ಬಸ್ ಟಿಕೆಟ್ ತೆಗೆದು ದಾಟುತ್ತೇವೆ. ಮದುವೆ, ಮುಂಜಿ, ಜಾತ್ರೆ, ಆಸ್ಪತ್ರೆ ಯಾವುದೂ ನಿಂತಿಲ್ಲ. ಹೋಲುವುದು ಒಂದೇ ಸಂಗತಿ: ಶಾಲೆ, ಕಚೇರಿ, ಬೋರ್ಡು ಬೇರೆ ಬೇರೆ ಭಾಷೆಯಲ್ಲಿ ನಡೆದಾಗ ಮನೆಯ ಮಾತು ಮೆಲ್ಲಗೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ಸೊಲ್ಲಾಪುರದ ಕನ್ನಡಕ್ಕೆ ಮರಾಠಿ ಸೇರಿದೆ, ಹೊಸೂರಿನದಕ್ಕೆ ತಮಿಳು, ಮಡಕಶಿರಾದ್ದಕ್ಕೆ ತೆಲುಗು, ಕಾಸರಗೋಡಿನದಕ್ಕೆ ಮಲಯಾಳ. ಬೆಂಗಳೂರಿಗೆ ಹೋದ ನಮ್ಮ ಮಕ್ಕಳನ್ನು ಅಲ್ಲಿನವರು, ನೀವು ಕನ್ನಡದವರೇ ಎಂದು ಕೇಳುತ್ತಾರೆ. ಹಾಗೆ ಕೇಳಿಸಿಕೊಂಡವರಿಗೆ ಸೆರಿ ಹಳ್ಳಿಯ ಹೆಂಗಸರ ನಡುವೆ ಬಾಯಿ ತೆರೆಯಲು ಹೆದರುವ ದೃಶ್ಯವನ್ನು ಯಾರೂ ವಿವರಿಸಬೇಕಿಲ್ಲ.

ಕೆಲವು ಹೆಚ್ಚಿನ ಸಂಗತಿಗಳು. ನಾಯಕ ನಾಯಕಿ ಆಗಿದ್ದ ಹ್ಯುನ್ ಬಿನ್ ಮತ್ತು ಸನ್ ಯೆ ಜಿನ್ 2022ರ ಮಾರ್ಚ್ 31ರಂದು ನಿಜಕ್ಕೂ ಮದುವೆಯಾದರು, ಅವರಿಗೆ ಒಬ್ಬ ಮಗನಿದ್ದಾನೆ. ಈ ಸುದ್ದಿ ನಿಮ್ಮ ಮನೆಯ ಹುಡುಗಿಯರಿಗೆ ಈಗಾಗಲೇ ಗೊತ್ತಿರುತ್ತದೆ. ಉತ್ತರ ಕೊರಿಯಾದಲ್ಲಿ ಚಿತ್ರೀಕರಣ ಸಾಧ್ಯವಿಲ್ಲದ್ದರಿಂದ ಹಳ್ಳಿಯನ್ನು ದಕ್ಷಿಣದಲ್ಲೇ ಕಟ್ಟಿದರು, ರೈಲಿನ ದೃಶ್ಯಗಳಿಗೆ ಮಂಗೋಲಿಯಾಕ್ಕೆ ಹೋದರು. ಸ್ವಿಟ್ಜರ್ಲೆಂಡಿನ ಇಸೆಲ್ಟ್‌ವಾಲ್ಡ್ ಎಂಬ ಸಣ್ಣ ಹಳ್ಳಿಯ ಕೆರೆದಂಡೆಯಲ್ಲಿ ನಾಯಕ ಪಿಯಾನೊ ನುಡಿಸುವ ದೃಶ್ಯವಿದೆ. ಧಾರಾವಾಹಿ ನೋಡಿದವರು ಏಷ್ಯಾದ ಮೂಲೆಮೂಲೆಯಿಂದ ಅಲ್ಲಿಗೆ ಬಂದು ನಿಂತು ಫೋಟೊ ತೆಗೆಸಿಕೊಳ್ಳತೊಡಗಿದರು. ಗದ್ದಲ ತಾಳಲಾರದೆ ಹಳ್ಳಿಯವರು 2023ರಲ್ಲಿ ಆ ಮರದ ಅಟ್ಟಣೆಗೆ ಗೇಟು ಹಾಕಿ ಐದು ಫ್ರಾಂಕ್ ಶುಲ್ಕ ಇಟ್ಟರು. ಗ್ರಾಮ ಪಂಚಾಯಿತಿ ಎಂದರೆ ಎಲ್ಲ ದೇಶದಲ್ಲೂ ಒಂದೇ.

ನೋಡಬೇಕೆನ್ನುವ ಹಿರಿಯರಿಗೆ ನಮ್ಮ ಸಲಹೆ: ಒಬ್ಬರೇ ಕೂತರೆ ಅಕ್ಷರ ಓದುವುದರಲ್ಲೇ ಸುಸ್ತಾಗುತ್ತದೆ. ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ, ಅವಳು ಓದಿ ಹೇಳಲಿ. ಮೊದಲ ಎರಡು ಕಂತು ನಿಧಾನ, ಮೂರನೆಯದರಿಂದ ಹಿಡಿಯುತ್ತದೆ.

ಇದನ್ನು ಬರೆಯುವಾಗ ಸಂಘಕ್ಕೆ ಒಂದು ಯೋಚನೆ ಬಂದಿದೆ. ನಿಮ್ಮ ಊರಿನ ಕನ್ನಡದಲ್ಲಿ ಇದ್ದು, ಕರ್ನಾಟಕದೊಳಗಿನವರಿಗೆ ಅರ್ಥವಾಗದ ಅಥವಾ ಬೇರೆಯೇ ಅರ್ಥ ಕೊಡುವ ಐದು ಪದಗಳನ್ನು, ಅರ್ಥದೊಡನೆ ಮತ್ತು ಒಂದು ವಾಕ್ಯದ ಬಳಕೆಯೊಡನೆ, ಊರಿನ ಹೆಸರು ನಮೂದಿಸಿ ನಮಗೆ ಬರೆದು ಕಳುಹಿಸಿ. ಕೈಬರಹವಾದರೂ ಆದೀತು, ಅಕ್ಷರ ಸ್ಪಷ್ಟವಿರಲಿ. ಬಂದವುಗಳನ್ನು ಊರುವಾರು ಜೋಡಿಸಿ ಮುಂದಿನ ಸಂಚಿಕೆಗಳಲ್ಲಿ ಪ್ರಕಟಿಸುತ್ತೇವೆ.

— ಕಾರ್ಯದರ್ಶಿ